ನಾಯಕನಿಲ್ಲದ ಗೋಡೆ: ಹರಿಪುರದ ಪಟಗಳು ಮತ್ತು ಕಲಾಪ್ರದರ್ಶನದ ರಾಜಕಾರಣ

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯನ್ನು ಬರೆಯುವಾಗ ಕಲಾವಿದನ ಜೀವನ, ಕಲಾಶಾಲೆ ಮತ್ತು ಶೈಲಿಗಳನ್ನು ಆಧಾರವಾಗಿಟ್ಟುಕೊಳ್ಳುವುದು ರೂಢಿ. ಚಿತ್ರವು ಮೊದಲು ಯಾವ ಗೋಡೆಯ ಮೇಲೆ ಕಾಣಿಸಿಕೊಂಡಿತು, ಯಾರ ಕರೆಯ ಮೇರೆಗೆ ರಚನೆಗೊಂಡಿತು, ಅದನ್ನು ನೋಡಿದವರು ಯಾರು ಎಂಬ ಪ್ರಶ್ನೆಗಳು ಈ ಕ್ರಮದಲ್ಲಿ ಅಡಿಟಿಪ್ಪಣಿಯ ಮಟ್ಟಕ್ಕೆ ಇಳಿದುಬಿಡುತ್ತವೆ. ಕಲಾಪ್ರದರ್ಶನವೊಂದು ರಾಜಕೀಯ ನಾಯಕನೊಡನೆ ಸಂಬಂಧ ಪಡೆದಾಗಲಂತೂ ವಿಮರ್ಶೆಯು ಎರಡು ಸುಲಭ ನಿಲುವುಗಳಲ್ಲಿ ಒಂದನ್ನು ಆಯ್ದುಕೊಳ್ಳುತ್ತದೆ. ನಾಯಕನು ಪೂಜ್ಯನಾಗಿದ್ದರೆ ಆ ಸಂಬಂಧವು ಕಲೆಗೆ ದೊರೆತ ಗೌರವವೆನಿಸುತ್ತದೆ. ಅಪ್ರಿಯನಾಗಿದ್ದರೆ ಕಲೆಯ ಮೇಲೆ ನಡೆದ ಅತಿಕ್ರಮಣವೆನಿಸುತ್ತದೆ. ಎರಡೂ ನಿಲುವುಗಳಲ್ಲಿ ತೀರ್ಪು ನಾಯಕನ ಬಗೆಗಿನದೇ ಹೊರತು ಪ್ರದರ್ಶನದ ಬಗೆಗಿನದಲ್ಲ.

1936ರಿಂದ 1938ರವರೆಗೆ ಕಾಂಗ್ರೆಸ್ ಅಧಿವೇಶನಗಳೊಡನೆ ನಡೆದ ಪ್ರದರ್ಶನಗಳು, ಅವುಗಳಲ್ಲಿಯೂ ಹರಿಪುರಕ್ಕಾಗಿ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಬರೆದ ಪಟಗಳು, ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಲು ಅವಕಾಶ ನೀಡುತ್ತವೆ. ಪ್ರದರ್ಶನಕ್ಕೂ ನಾಯಕತ್ವಕ್ಕೂ ಇರುವ ಸಂಬಂಧವನ್ನು ಮೂರು ನೆಲೆಗಳಲ್ಲಿ ಪರೀಕ್ಷಿಸಬಹುದು: ಆಯ್ಕೆ ಯಾರದು, ನೋಟ ಯಾರದು, ಚೌಕಟ್ಟಿನ ಹೊರಗೆ ಉಳಿದದ್ದು ಯಾವುದು. ಮೊದಲೆರಡು ನೆಲೆಗಳಲ್ಲಿ ಹರಿಪುರವು ತನ್ನ ಕಾಲದ ಯಾವ ಪ್ರದರ್ಶನಕ್ಕೂ ಕಡಿಮೆಯಾದುದಲ್ಲ. ಮೂರನೆಯ ನೆಲೆಯಲ್ಲಿ ಅದರ ಮಿತಿ ಗೋಚರಿಸುತ್ತದೆ. ಆ ಹಿರಿಮೆಗೂ ಈ ಮಿತಿಗೂ ಮೂಲ ಒಂದೇ ಎಂಬುದು ಇಲ್ಲಿಯ ವಾದ.

ಅಧಿವೇಶನದ ಅಂಗಳದಲ್ಲಿ ಪ್ರದರ್ಶನ

ಕಾಂಗ್ರೆಸ್ ಅಧಿವೇಶನದೊಡನೆ ಪ್ರದರ್ಶನವನ್ನು ಏರ್ಪಡಿಸುವ ಪದ್ಧತಿ ಗಾಂಧೀಜಿಯವರಿಂದ ಆರಂಭವಾದುದಲ್ಲ. 1901ರ ಕಲ್ಕತ್ತಾ ಅಧಿವೇಶನದ ಜೊತೆಗೇ ಕೈಗಾರಿಕಾ ಪ್ರದರ್ಶನ ನಡೆದಿತ್ತು. ಅಂದಿನ ಪ್ರದರ್ಶನಗಳ ಮಾದರಿ ವಸಾಹತುಶಾಹಿ ನಗರಗಳ ದೊಡ್ಡ ವಸ್ತುಪ್ರದರ್ಶನಗಳದು. ಸರಕುಗಳು ಮುಖ್ಯವಾಗಿ, ಮಾಡಿದವರು ಮರೆಯಾಗುವುದು ಆ ಮಾದರಿಯ ಲಕ್ಷಣ.

ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವು 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಅಧಿವೇಶನದ ಆವರಣಕ್ಕೆ ವಿಜಯನಗರವೆಂದು ಹೆಸರಿಟ್ಟು, ಹಂಪೆಯ ಗೋಪುರವನ್ನು ನೆನಪಿಗೆ ತರುವ ಮಹಾದ್ವಾರವನ್ನು ನಿಲ್ಲಿಸಲಾಗಿತ್ತು. ಅದೇ ಸಂದರ್ಭದಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನವೂ ಅಲ್ಲಿ ಸೇರಿತೆಂಬುದನ್ನು ಗಮನಿಸಿದರೆ ಆ ದ್ವಾರದ ಅರ್ಥ ಸ್ಪಷ್ಟವಾಗುತ್ತದೆ. ಹಂಚಿಹೋಗಿದ್ದ ನಾಡೊಂದು ತನ್ನ ಗತವೈಭವವನ್ನು ರಾಷ್ಟ್ರದ ಮುಂದೆ ನಿಲ್ಲಿಸಿ ತನ್ನನ್ನು ಗುರುತಿಸಿಕೊಂಡಿತು. ಅಲ್ಲಿಯ ದೃಶ್ಯಭಾಷೆ ಸಾಮ್ರಾಜ್ಯದ ಸ್ಮೃತಿಯದು. ಹನ್ನೆರಡು ವರ್ಷಗಳ ತರುವಾಯ ಫೈಜ್‌ಪುರದಲ್ಲಿ ಕಾಣುವ ಭಾಷೆ ಇದಕ್ಕಿಂತ ತೀರ ಭಿನ್ನವಾದುದು.

ಈ ಬದಲಾವಣೆಗೆ 1934 ಒಂದು ತಿರುವು. ಆ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ಸು, ಪ್ರದರ್ಶನಗಳ ಹೊಣೆಯನ್ನು ಅಖಿಲ ಭಾರತ ಚರಕಾ ಸಂಘಕ್ಕೂ ಹೊಸದಾಗಿ ರೂಪುಗೊಳ್ಳಲಿದ್ದ ಗ್ರಾಮೋದ್ಯೋಗ ಸಂಘಕ್ಕೂ ಒಪ್ಪಿಸಿತು. ಅದೇ ಸಂದರ್ಭದಲ್ಲಿ ಗಾಂಧೀಜಿ ಕಾಂಗ್ರೆಸ್ಸಿನ ಸದಸ್ಯತ್ವದಿಂದ ಹೊರಬಂದರು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಪಕ್ಷದ ಔಪಚಾರಿಕ ಸದಸ್ಯರೂ ಅಲ್ಲದ ನಾಯಕರು ಅಧಿವೇಶನದ ಅಂಗಳದಲ್ಲಿ ತಮ್ಮ ಮಾತನ್ನು ಮುಂದುವರಿಸಲು ಉಳಿದುಕೊಂಡ ಮುಖ್ಯ ಸ್ಥಳಗಳಲ್ಲಿ ಪ್ರದರ್ಶನವೂ ಒಂದಾಯಿತು. ವೇದಿಕೆಯ ಮೇಲೆ ಠರಾವುಗಳ ಚರ್ಚೆ ನಡೆಯುತ್ತಿದ್ದಾಗ, ಪಕ್ಕದ ಮೈದಾನದಲ್ಲಿ ಮತ್ತೊಂದು ರಾಜಕಾರಣವು ನೂಲು, ಮಣ್ಣು, ಬಿದಿರುಗಳ ಮೂಲಕ ಮಂಡನೆಯಾಗುತ್ತಿತ್ತು. ಹೀಗೆ ನೋಡಿದರೆ ಪ್ರದರ್ಶನವನ್ನು ಅಧಿವೇಶನದ ಅಲಂಕಾರವೆಂದು ಕರೆಯುವುದು ಸರಿಯಾಗದು. ಅದು ಅಧಿವೇಶನಕ್ಕೆ ಸಮಾನಾಂತರವಾಗಿ ನಡೆದ ಒಂದು ಪ್ರತಿಪಾದನೆ.

1936ರ ಲಖನೌ ಅಧಿವೇಶನದ ಸಂದರ್ಭದಲ್ಲಿ ಗಾಂಧೀಜಿಯವರ ಕೋರಿಕೆಯಂತೆ ನಂದಲಾಲ್ ಬೋಸ್ ಶಾಂತಿನಿಕೇತನದ ತಮ್ಮ ಸಹೋದ್ಯೋಗಿಗಳೊಡನೆ ಬಂದು, ಪ್ರಾಚೀನ ಕಾಲದಿಂದ ಆಧುನಿಕ ಕಾಲದವರೆಗಿನ ಭಾರತೀಯ ಕಲೆಯ ಪರಂಪರೆಯನ್ನು ಪರಿಚಯಿಸುವ ಪ್ರದರ್ಶನವನ್ನು ಸಿದ್ಧಪಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಖಾನದೇಶದ ಫೈಜ್‌ಪುರದಲ್ಲಿ, ಮೊತ್ತಮೊದಲ ಬಾರಿಗೆ ಹಳ್ಳಿಯೊಂದರಲ್ಲಿ ಅಧಿವೇಶನ ಸೇರಿದಾಗ, ಇಡೀ ನಗರದ ವಿನ್ಯಾಸದಲ್ಲಿಯೇ ಅವರು ಭಾಗಿಯಾದರು. ಸ್ಥಳೀಯವಾಗಿ ದೊರೆಯುವ ಬಿದಿರು ಮೊದಲಾದ ವಸ್ತುಗಳೇ ಅಲ್ಲಿಯ ಮುಖ್ಯ ಸಾಮಗ್ರಿ. ಲಖನೌದಲ್ಲಿ ಕಲೆಯ ಚರಿತ್ರೆಯನ್ನು ತೋರಿಸಿದವರು ಫೈಜ್‌ಪುರದಲ್ಲಿ ಜನರು ನಡೆದಾಡುವ ಬೀದಿಯನ್ನೇ ಕಲೆಯ ವಸ್ತುವಾಗಿಸಿದರು.

ಇಲ್ಲಿ ಒಂದು ವಿರೋಧಾಭಾಸವಿದೆ. 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿ ಜಿ. ರಾಮಚಂದ್ರನ್ ಅವರೊಡನೆ ನಡೆದ ಸಂವಾದದಲ್ಲಿ ಗಾಂಧೀಜಿ ತಮ್ಮ ಕೋಣೆಗೆ ಚಿತ್ರಗಳ ಅಗತ್ಯವಿಲ್ಲವೆಂಬ, ತಲೆಯ ಮೇಲಿನ ನಕ್ಷತ್ರಖಚಿತ ಆಕಾಶವೇ ತಮಗೆ ಸಾಕೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಖಾಲಿ ಗೋಡೆಯನ್ನು ಮೆಚ್ಚಿದ ವ್ಯಕ್ತಿಯೇ ನೂರಾರು ಚಿತ್ರಗಳಿಗೆ ಪ್ರೇರಕನಾದುದು ಹೇಗೆ? ಆ ಸಂವಾದದ ತಿರುಳು ಚಿತ್ರಕಲೆಯ ನಿರಾಕರಣೆಯಲ್ಲ. ಒಬ್ಬನ ಒಡೆತನಕ್ಕೆ ಸೇರಿ ಒಳಗೋಡೆಯ ಮೇಲೆ ನಿಲ್ಲುವ ಚಿತ್ರದ ಬಗೆಗಿನ ಉದಾಸೀನ. ಹರಿಪುರದಲ್ಲಿ ಚಿತ್ರವು ಆ ಕೋಣೆಯಿಂದ ಹೊರಬಂದು ಬಯಲನ್ನು ಸೇರಿತು.

ಹರಿಪುರದ ಪಟಗಳು

ಹರಿಪುರವು ಗುಜರಾತಿನ ಸೂರತ್ ಜಿಲ್ಲೆಯಲ್ಲಿ ತಾಪಿ ನದಿಯ ತೀರದಲ್ಲಿರುವ ಹಳ್ಳಿ. 1938ರ ಫೆಬ್ರವರಿ 19ರಿಂದ 21ರವರೆಗೆ ಅಲ್ಲಿ ಕಾಂಗ್ರೆಸ್ಸಿನ 51ನೆಯ ಅಧಿವೇಶನವು ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ನಡೆಯಿತು. ವಿಠ್ಠಲಭಾಯಿ ಪಟೇಲರ ನೆನಪಿಗಾಗಿ ಆವರಣಕ್ಕೆ ವಿಠ್ಠಲನಗರವೆಂದು ಹೆಸರಿಡಲಾಗಿತ್ತು. ಮಹಾದ್ವಾರಗಳು, ಸ್ವಯಂಸೇವಕರ ಶಿಬಿರ, ನಾಯಕರ ಕುಟೀರ ಹೀಗೆ ಜನ ಓಡಾಡುವ ಕಡೆಗಳಲ್ಲೆಲ್ಲ ಪಟಗಳನ್ನು ತೂಗುಹಾಕಲಾಯಿತು. ಒಟ್ಟು ಸುಮಾರು 400 ಪಟಗಳಲ್ಲಿ ಎಂಬತ್ತಕ್ಕೂ ಹೆಚ್ಚು ನಂದಲಾಲರ ಕೈಯವು. ಉಳಿದವನ್ನು ಅವುಗಳ ಮಾದರಿಯಲ್ಲಿ ಕಲಾಭವನದ ಶಿಷ್ಯರು ರಚಿಸಿದರು.

ಪ್ರತಿ ಪಟದ ಅಳತೆ ಸುಮಾರು ಎರಡಡಿ ಚೌಕ. ರಟ್ಟಿಗೆ ಅಂಟಿಸಿದ ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳನ್ನು ಬಳಸಿ ಟೆಂಪೆರಾ ವಿಧಾನದಲ್ಲಿ ಬರೆದ ಚಿತ್ರಗಳಿವು. ಕಾಲಘಟ್ಟಿನ ಪಟಗಳಲ್ಲಿ ಕಾಣುವ ದಪ್ಪನೆಯ, ಬೀಸಾದ ಹೊರರೇಖೆ ಇಲ್ಲಿಯೂ ಇದೆ. ಅನೇಕ ಪಟಗಳಲ್ಲಿ ಆಕೃತಿಯು ಒಂದು ಕಮಾನಿನೊಳಗೆ ನಿಂತಿದೆ. ಡೋಲು ಬಡಿಯುವವನು, ದರ್ಜಿ, ಚಮ್ಮಾರ, ಬಡಗಿ, ಕುಂಬಾರ, ಬೇಟೆಗಾರ, ವೀಣಾವಾದಕ, ಭತ್ತ ಕುಟ್ಟುವ ಹೆಂಗಸು, ಮಗುವನ್ನು ಎತ್ತಿಕೊಂಡ ತಾಯಿ, ಎತ್ತನ್ನು ಹಿಡಿದವನು: ಇವರು ಈ ಪಟಗಳ ವಸ್ತು.

ಈ ರೂಪವನ್ನು ಶೈಲಿಯ ದೃಷ್ಟಿಯಿಂದ ಮಾತ್ರ ವಿವರಿಸಿದರೆ ಸಾಲದು. ದಾರಿಯಲ್ಲಿ ನಡೆಯುತ್ತ ನೋಡುವವನಿಗೆ ಚಿತ್ರದ ಮುಂದೆ ನಿಲ್ಲುವಷ್ಟು ಬಿಡುವಿರುವುದಿಲ್ಲ. ರೇಖೆ ದೂರಕ್ಕೆ ಕಾಣಬೇಕು, ಆಕೃತಿ ಒಂದೇ ನೋಟಕ್ಕೆ ಹಿಡಿಯಬೇಕು. ಒಂದು ಮಾದರಿಯಿಂದ ಹಲವು ಪ್ರತಿಗಳನ್ನು ತೆಗೆಯಲು ಸಾಧ್ಯವಾಗುವಂತೆ ಕೈಚಳಕವು ಮಿತವಾಗಿರಬೇಕು. ವಂಗಶೈಲಿಯ ತೆಳುವಾದ, ಮಂಜು ಮುಸುಕಿದ ವರ್ಣಲೇಪನವು ಇಲ್ಲಿ ನಿರುಪಯುಕ್ತ. ಅಬನೀಂದ್ರನಾಥರ ಶಿಷ್ಯರಾಗಿ ಆ ಶೈಲಿಯಲ್ಲಿ ಪಳಗಿದ್ದ ನಂದಲಾಲರು ಅದನ್ನು ಕೈಬಿಟ್ಟು ಪಟದ ರೇಖೆಯತ್ತ ಬಂದುದರಲ್ಲಿ ಪ್ರದರ್ಶನದ ಸನ್ನಿವೇಶದ ಪಾತ್ರವಿದೆ. ನಾಯಕನು ಚಿತ್ರದ ವಸ್ತುವನ್ನು ನಿರ್ದೇಶಿಸಲಿಲ್ಲ, ನೋಡುವವನನ್ನು ಬದಲಿಸಿದನು. ನೋಡುವವನು ಬದಲಾದುದರಿಂದ ರೂಪವು ಬದಲಾಯಿತು. ಕಲೆಯ ಮೇಲೆ ರಾಜಕೀಯದ ಪ್ರಭಾವವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ವಸ್ತುವಿನಲ್ಲಿಯೇ ಸುತ್ತುವುದರಿಂದ ಈ ಅಂಶಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಕಮಾನಿನ ಬಳಕೆಯೂ ಅರ್ಥಪೂರ್ಣವಾದುದು. ಭಾರತೀಯ ಕಲೆಯಲ್ಲಿ ಕಮಾನು ದೇವತೆಗೆ, ಅರಸನಿಗೆ ಮೀಸಲಾದ ಆವರಣ. ಗರ್ಭಗುಡಿಯ ಪ್ರಭಾವಳಿಯಲ್ಲಿ, ದರ್ಬಾರಿನ ಚಿತ್ರಗಳಲ್ಲಿ ಅದು ಮಹತ್ತಿನ ಗುರುತು. ನಂದಲಾಲರು ಆ ಸ್ಥಾನದಲ್ಲಿ ಚಮ್ಮಾರನನ್ನೂ ದರ್ಜಿಯನ್ನೂ ಕೂರಿಸಿದರು. ಬೆಳಗಾವಿಯ ದ್ವಾರವು ಸಾಮ್ರಾಜ್ಯವನ್ನು ನೆನೆಯಿತು. ಹರಿಪುರದ ಕಮಾನುಗಳು ಕಸುಬುದಾರನನ್ನು ಎತ್ತರಿಸಿದವು.

ಉಳಿದುಬಂದಿರುವ ಪಟಗಳಲ್ಲಿ ರಾಜಕೀಯ ನಾಯಕರ ಭಾವಚಿತ್ರಗಳಿಲ್ಲ ಎಂಬುದು ಇನ್ನೂ ಮುಖ್ಯ. ಗಾಂಧೀಜಿಯವರ ರೂಪವನ್ನು ನಂದಲಾಲರು ಬರೆಯದವರಲ್ಲ. ದಂಡಿಯಾತ್ರೆಯ ಹಿನ್ನೆಲೆಯಲ್ಲಿ 1930ರ ಏಪ್ರಿಲಿನಲ್ಲಿ ಅವರು ಕೊರೆದ, ಕೋಲು ಹಿಡಿದು ನಡೆಯುವ ಬಾಪೂಜಿಯ ಕಪ್ಪುಬಿಳುಪಿನ ಲಿನೋಕಟ್ ಪ್ರಸಿದ್ಧವಾದುದು. ಮುಂದೆ ಸಂವಿಧಾನದ ಹಸ್ತಪ್ರತಿಯನ್ನು ಅವರ ನೇತೃತ್ವದಲ್ಲಿ ಅಲಂಕರಿಸಿದಾಗಲೂ ಗಾಂಧೀಜಿಯವರ ಚಿತ್ರವು ಅಲ್ಲಿ ಸೇರಿತು. ಹೀಗಿರುವಾಗ, ಗಾಂಧೀಜಿಯವರೇ ಕರೆದು ಮಾಡಿಸಿದ ಹರಿಪುರದ ಪಟಮಾಲೆಯಲ್ಲಿ ಅವರ ಮುಖವಿಲ್ಲದಿರುವುದು ಕೇವಲ ಆಕಸ್ಮಿಕವೆನಿಸದು.

ಆದರೆ ಇದರಿಂದ ಕಾಂಗ್ರೆಸ್ಸಿನ ಅಂಗಳದಲ್ಲಿ ನಾಯಕಪೂಜೆ ಇರಲಿಲ್ಲವೆಂದು ಭಾವಿಸಬಾರದು. ಅಧ್ಯಕ್ಷರಾದ ಸುಭಾಷರನ್ನು 51 ಎತ್ತುಗಳು ಎಳೆದ ರಥದಲ್ಲಿ ಹರಿಪುರಕ್ಕೆ ಕರೆತರಲಾಯಿತು. ಮರುವರ್ಷ ತ್ರಿಪುರಿಯಲ್ಲಿ 52 ಆನೆಗಳ ಮೆರವಣಿಗೆ ನಡೆದಾಗ, ಅನಾರೋಗ್ಯದಿಂದ ಬರಲಾಗದಿದ್ದ ಅಧ್ಯಕ್ಷರ ಬದಲು ಅವರ ಭಾವಚಿತ್ರವನ್ನು ಮೆರೆಸಲಾಯಿತು. ಮೆರವಣಿಗೆಯ ಮಧ್ಯದಲ್ಲಿ ನಾಯಕನಿದ್ದನು, ಗೋಡೆಯ ಮೇಲೆ ಕಸುಬುದಾರನಿದ್ದನು. ಒಂದೇ ಆವರಣದಲ್ಲಿ ಈ ಎರಡು ದೃಶ್ಯಭಾಷೆಗಳು ಪರಸ್ಪರ ಎದುರಾಗಿದ್ದುವೆಂಬುದೇ ಹರಿಪುರದ ವೈಶಿಷ್ಟ್ಯ.

ಮ್ಯೂನಿಕ್ 1937: ಒಂದು ಹೋಲಿಕೆ

ಹರಿಪುರಕ್ಕೆ ಏಳು ತಿಂಗಳ ಹಿಂದೆ, 1937ರ ಜುಲೈ 18ರಂದು, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹಿಟ್ಲರನು ಜರ್ಮನ್ ಕಲೆಯ ಮಂದಿರವನ್ನೂ ಅದರಲ್ಲಿ ಏರ್ಪಟ್ಟ ಮಹಾ ಜರ್ಮನ್ ಕಲಾಪ್ರದರ್ಶನವನ್ನೂ ಉದ್ಘಾಟಿಸಿದನು. ತೀರ್ಪುಗಾರರ ಆಯ್ಕೆ ತನಗೆ ಒಪ್ಪಿಗೆಯಾಗದಿದ್ದಾಗ ಅವನು ಆ ಕೆಲಸವನ್ನು ತನ್ನ ಆಪ್ತ ಛಾಯಾಗ್ರಾಹಕ ಹೈನ್ರಿಷ್ ಹಾಫ್‌ಮನ್‌ಗೆ ವಹಿಸಿದ್ದನು. ಪ್ರದರ್ಶನದಲ್ಲಿ ಅವನ ಭಾವಚಿತ್ರವೂ ಇತ್ತು. ಮರುದಿನ ಸಮೀಪದಲ್ಲೇ ತೆರೆದ ಇನ್ನೊಂದು ಪ್ರದರ್ಶನಕ್ಕೆ ಭ್ರಷ್ಟ ಕಲೆ ಎಂಬ ಹೆಸರು. ಜರ್ಮನಿಯ ವಸ್ತುಸಂಗ್ರಹಾಲಯಗಳಿಂದ ವಶಪಡಿಸಿಕೊಂಡ 600ಕ್ಕೂ ಹೆಚ್ಚು ಕೃತಿಗಳನ್ನು ಅಲ್ಲಿ ಒತ್ತೊತ್ತಾಗಿ ತೂಗುಹಾಕಿ, ಗೋಡೆಗಳ ಮೇಲೆ ಹೀಯಾಳಿಕೆಯ ಬರಹಗಳನ್ನು ಬರೆಯಲಾಗಿತ್ತು. ಕ್ಲೇ, ಕಾಂಡಿನ್‌ಸ್ಕಿ, ಕಿರ್ಷ್‌ನರ್, ಬೆಕ್‌ಮನ್ ಮೊದಲಾದವರ ಕೃತಿಗಳು ಅಲ್ಲಿದ್ದವು. ನಾತ್ಸಿ ಪಕ್ಷದ ಸದಸ್ಯನೇ ಆಗಿದ್ದ ನೋಲ್ಡೆಗೂ ವಿನಾಯಿತಿ ದೊರೆಯಲಿಲ್ಲ. ಮ್ಯೂನಿಕ್‌ನಲ್ಲಿಯೇ 20 ಲಕ್ಷಕ್ಕೂ ಹೆಚ್ಚು ಜನರು ಅದನ್ನು ನೋಡಿದರು.

ಸಾಮಾನ್ಯ ಜನರನ್ನು ಕಲೆಯ ಬಳಿಗೆ ತರುವುದೇ ಪ್ರದರ್ಶನದ ಸಾರ್ಥಕ್ಯವಾದರೆ ಮ್ಯೂನಿಕ್‌ನ ಎರಡನೆಯ ಪ್ರದರ್ಶನವನ್ನು ಯಶಸ್ವಿಯೆನ್ನಬೇಕಾಗುತ್ತದೆ. ಅದು ಹಾಗಲ್ಲವೆಂಬುದಕ್ಕೆ ಕಾರಣವನ್ನು ಪ್ರದರ್ಶನದ ರಚನೆಯಲ್ಲಿಯೇ ಹುಡುಕಬೇಕು. ಅಲ್ಲಿ ನೋಡುಗನಿಗೆ ಏನನ್ನು ಮೆಚ್ಚಬೇಕು, ಏನನ್ನು ನೋಡಿ ನಗಬೇಕು ಎಂಬುದು ಮೊದಲೇ ನಿರ್ಧಾರವಾಗಿತ್ತು. ನಾಯಕನು ಅಲ್ಲಿ ತೀರ್ಪುಗಾರ. ಸಾಲದುದಕ್ಕೆ ಗೋಡೆಯ ಮೇಲಿನ ಮುಖವೂ ಅವನೇ. ಹರಿಪುರದ ನಾಯಕರು ಕರೆದವರು ಮಾತ್ರ. ಚಿತ್ರದ ಆಯ್ಕೆ ಕಲಾವಿದನದು. ಆಯ್ಕೆ ಯಾರದು, ನೋಟ ಯಾರದು ಎಂಬ ಮೊದಲೆರಡು ಪ್ರಶ್ನೆಗಳಿಗೆ ಹರಿಪುರ ನೀಡುವ ಉತ್ತರ ಇದು.

ಈ ಸ್ವಾತಂತ್ರ್ಯದ ಬೆಲೆಯನ್ನು ಅರಿಯಲು ಮತ್ತೊಂದು ಬಗೆಯ ಆಶ್ರಯವನ್ನೂ ನೆನೆಯಬಹುದು. ಕಲ್ಕತ್ತೆಯಲ್ಲಿ ಅಬನೀಂದ್ರನಾಥರ ಬಳಿ ನಂದಲಾಲರ ಸಹಪಾಠಿಯಾಗಿದ್ದ ಕೆ. ವೆಂಕಟಪ್ಪನವರು ಮೈಸೂರಿಗೆ ಮರಳಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅರಮನೆಗಾಗಿ ಉಬ್ಬುಶಿಲ್ಪಗಳನ್ನು ರಚಿಸಿದರು. 1940ರಲ್ಲಿ ಅರಸರು ತೀರಿಕೊಂಡ ಮೇಲೆ ಕೆಲಸದ ಪ್ರತಿಫಲದ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ಒಬ್ಬ ಅರಸನ ಅಭಿರುಚಿಯನ್ನು ನಂಬಿದ ಕಲೆಯು ಆ ಅರಸನೊಡನೆ ತನ್ನ ನೆಲೆಯನ್ನೂ ಕಳೆದುಕೊಳ್ಳಬಹುದೆಂಬುದಕ್ಕೆ ಇದು ನಿದರ್ಶನ. ಒಂದೇ ಗುರುವಿನ ಇಬ್ಬರು ಶಿಷ್ಯರಲ್ಲಿ ಒಬ್ಬರ ಕೃತಿ ಅರಮನೆಯ ಒಳಗೋಡೆಯನ್ನು ಸೇರಿತು, ಇನ್ನೊಬ್ಬರದು ಬಿದಿರ ತಟ್ಟಿಯನ್ನು.

ಚೌಕಟ್ಟಿನ ಹೊರಗೆ ಉಳಿದದ್ದು

ಮೂರನೆಯ ಪ್ರಶ್ನೆಗೆ ಬಂದಾಗ ಮೆಚ್ಚುಗೆಯ ಧಾಟಿಯನ್ನು ಬದಲಿಸಬೇಕಾಗುತ್ತದೆ. ಹರಿಪುರದ ಪಟಗಳಲ್ಲಿ ದುಡಿಮೆ ಇದೆ, ದುಡಿಮೆಯ ಸಂಬಂಧಗಳಿಲ್ಲ. ಬಡಗಿಯು ಮರವನ್ನು ಕೊರೆಯುತ್ತಾನೆ, ಯಾರಿಗಾಗಿ ಎಂಬುದು ತಿಳಿಯದು. ಹೆಂಗಸು ಭತ್ತವನ್ನು ಕುಟ್ಟುತ್ತಾಳೆ, ಅದು ಯಾರ ಭತ್ತ ಎಂಬ ಪ್ರಶ್ನೆ ಏಳುವುದಿಲ್ಲ. ಪ್ರತಿ ಆಕೃತಿಯೂ ತನ್ನ ಕಮಾನಿನೊಳಗೆ ಒಂಟಿಯಾಗಿ, ಪೂರ್ಣವಾಗಿ, ನಿಶ್ಚಿಂತವಾಗಿ ನಿಂತಿದೆ. ಆಕೃತಿಯನ್ನು ಎತ್ತರಿಸಿದ ಕಮಾನೇ ಅದನ್ನು ಪಕ್ಕದ ಮನುಷ್ಯನಿಂದ ಬೇರ್ಪಡಿಸಿದೆ.

ಪಟಗಳು ನಿಂತ ನೆಲವನ್ನು ನೆನೆದರೆ ಈ ಮೌನ ಇನ್ನಷ್ಟು ಗಾಢವಾಗುತ್ತದೆ. ಸೂರತ್ ಜಿಲ್ಲೆಯ ಈ ಪ್ರದೇಶದಲ್ಲಿ ಹಾಳಿ ಎಂಬ ಪದ್ಧತಿ ಬೇರೂರಿತ್ತು. ಸಾಲದ ಹೆಸರಿನಲ್ಲಿ ದುಬ್ಳಾ ಸಮುದಾಯದ ಕೂಲಿಗಳು ಭೂಮಾಲೀಕರ ಮನೆಗೆ ತಲೆಮಾರುಗಳವರೆಗೆ ಕಟ್ಟುಬೀಳುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ಸಮೀಪದ ಮಾತು ಜೀತ. 1928ರ ಬಾರ್ಡೋಲಿ ಸತ್ಯಾಗ್ರಹವು ಕಂದಾಯದ ಏರಿಕೆಯನ್ನು ಎದುರಿಸಿ ಭೂಮಿಯುಳ್ಳ ರೈತನಿಗೆ ಜಯ ತಂದಿತ್ತು. ಜೀತದವನ ಸ್ಥಿತಿ ಅದರಿಂದ ಬದಲಾಗಲಿಲ್ಲ. ಹರಿಪುರದ ಅಧಿವೇಶನವು ಕಿಸಾನ್ ಸಭೆಗಳ ಸಂಘಟನೆಯ ಹಕ್ಕನ್ನು ಒಪ್ಪಿಕೊಂಡರೂ ಕಾಂಗ್ರೆಸ್ಸಿನ ತತ್ವಗಳಿಗೆ ಹೊಂದದ ಅವುಗಳ ಚಟುವಟಿಕೆಗಳಿಂದ ದೂರ ಉಳಿಯಲು ತೀರ್ಮಾನಿಸಿತು. ಹಳ್ಳಿಯೊಳಗಿನ ಸಂಘರ್ಷವು ಠರಾವಿನಲ್ಲಿ ಹೇಗೆ ಬದಿಗೆ ಸರಿಯಿತೋ ಹಾಗೆಯೇ ಪಟದಲ್ಲಿಯೂ ಸರಿಯಿತು.

ಇದನ್ನು ನಂದಲಾಲರ ವೈಯಕ್ತಿಕ ಕೊರತೆಯೆಂದು ಹೇಳಲಾಗದು. ಹಳ್ಳಿಯನ್ನು ಪರಸ್ಪರ ಪೂರಕವಾದ ಕಸುಬುಗಳ ಒಂದು ಕೂಟವಾಗಿ ಕಾಣುವ ದೃಷ್ಟಿ ಗಾಂಧೀಜಿಯವರ ಗ್ರಾಮಸ್ವರಾಜ್ಯದ ಕಲ್ಪನೆಯಲ್ಲಿಯೇ ಇದೆ. ಚಮ್ಮಾರನಿಗೆ ಕಮಾನನ್ನು ಕೊಟ್ಟ ಈ ದೃಷ್ಟಿಯೇ ಅವನನ್ನು ಅವನ ಕಸುಬಿನೊಡನೆ ಶಾಶ್ವತವಾಗಿ ಜೋಡಿಸಿಯೂ ಬಿಟ್ಟಿತು. ಕಸುಬಿಗೂ ಜಾತಿಗೂ ಇರುವ ನಂಟನ್ನು ಬಲ್ಲ ನೋಡುಗನಿಗೆ, ಕಸುಬನ್ನು ಗೌರವಿಸುವ ಚಿತ್ರವು ಕಸುಬಿನ ಬಂಧನದ ಬಗ್ಗೆ ಏನನ್ನೂ ಹೇಳುತ್ತಿಲ್ಲವೆಂಬುದು ಹೊಳೆಯದಿರದು. ನಾಯಕನ ಮುಖ ಗೋಡೆಯ ಮೇಲಿಲ್ಲ, ಆದರೆ ಅವನ ನೋಟವು ಗೋಡೆಯ ತುಂಬ ಇದೆ. ಹರಿಪುರದ ಪಟಗಳ ಬಗ್ಗೆ ವಿಮರ್ಶೆಯು ಹೇಳಬೇಕಾದ ಮುಖ್ಯ ಮಾತು ಇದೇ.

ಬಯಲಿನಿಂದ ಸಂಗ್ರಹಾಲಯಕ್ಕೆ

ಬಿಸಿಲು ಗಾಳಿಗಳಲ್ಲಿ ಕೆಲವು ದಿನ ನಿಲ್ಲಲೆಂದು ಮಾಡಿದ ಪಟಗಳಲ್ಲಿ ದೊಡ್ಡ ಭಾಗವು ಇಂದು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಬೀದಿಯ ಪಟವು ರಾಷ್ಟ್ರದ ನಿಧಿಯಾಯಿತು. 2019ರಲ್ಲಿ ಗಾಂಧೀಜಿಯವರ 150ನೆಯ ಜನ್ಮವರ್ಷದ ನಿಮಿತ್ತ ವೆನಿಸ್ ದ್ವೈವಾರ್ಷಿಕ ಪ್ರದರ್ಶನದ ಭಾರತ ಮಂಟಪದಲ್ಲಿ ಅವುಗಳಲ್ಲಿ ಕೆಲವನ್ನು ಪ್ರದರ್ಶಿಸಲಾಯಿತು. ನಾಯಕನು ಕರೆದಾಗ ಕೂಡಿದ್ದ ಪ್ರದರ್ಶನವು, ಈಗ ಆ ನಾಯಕನ ಸ್ಮರಣೆಗಾಗಿ ಸರ್ಕಾರವು ಕೂಡಿಸಿದ ಪ್ರದರ್ಶನದ ಒಂದು ಭಾಗವಾಯಿತು. ಸ್ಮರಣೆಯ ಹೊಣೆ ಪ್ರಭುತ್ವದ ಕೈಗೆ ಬಂದಾಗ ಪ್ರತಿಪಾದನೆಯು ಸಂಭ್ರಮವಾಗಿ ಮಾರ್ಪಡುವ ಅಪಾಯವಿದ್ದೇ ಇದೆ.

ಆದರೆ ಆ ಮಂಟಪದಲ್ಲಿಯೇ ಈ ಅಪಾಯಕ್ಕೆ ಉತ್ತರಗಳೂ ಇದ್ದವು. 1939ರ ಜುಲೈಯಲ್ಲಿ ಗಾಂಧೀಜಿ ಹಿಟ್ಲರನಿಗೆ ಬರೆದ ಪತ್ರವನ್ನು ಮಂಜಿನ ತೆರೆಯ ಮೇಲೆ ಮೂಡಿಸುವ ಜಿತೀಶ್ ಕಲ್ಲಾಟ್ ಅವರ ಕೃತಿಯು, ಹರಿಪುರದ ಪಟಗಳನ್ನೂ ಮ್ಯೂನಿಕ್‌ನ ನೆನಪನ್ನೂ ಒಂದೇ ಸೂರಿನಡಿ ತಂದಿತು. ವಿಜಾಪುರ ಜಿಲ್ಲೆಯ ಸಿಂದಗಿಯವರಾದ ಜಿ.ಆರ್. ಈರಣ್ಣನವರ ಕೃತಿಯ ಹೆಸರು ಕನ್ನಡದ್ದೇ: ನಾವು. ಗೋಡೆಯ ಮೇಲೆ ನೂರಾರು ಮರದ ಪಾದುಕೆಗಳು, ಹಲವುಗಳಿಗೆ ಅಂಟಿಕೊಂಡಂತೆ ಬದುಕಿನ, ಕಸುಬಿನ ಚಿಕ್ಕ ಚಿಕ್ಕ ವಸ್ತುಗಳು. ಹರಿಪುರದಲ್ಲಿ ಕಸುಬುದಾರನು ಕಮಾನಿನೊಳಗೆ ಒಬ್ಬೊಬ್ಬನಾಗಿ ನಿಂತಿದ್ದನು. ಇಲ್ಲಿ ಕಮಾನೂ ಇಲ್ಲ, ಮನುಷ್ಯನ ಆಕೃತಿಯೂ ಇಲ್ಲ. ನಡೆದುಹೋದವರ ಗುರುತುಗಳು ಮಾತ್ರ ಒಂದರ ಪಕ್ಕ ಒಂದು ಸೇರಿ ಒಂದು ದಿಕ್ಕಿಗೆ ಸಾಗುವಂತಿವೆ. ನಂದಲಾಲರ ಪಟಗಳು ಬಿಟ್ಟುಕೊಟ್ಟಿದ್ದ ಸಂಬಂಧದ ಪ್ರಶ್ನೆಯನ್ನು ಈ ಕೃತಿ ಎಂಬತ್ತು ವರ್ಷಗಳ ನಂತರ ಮತ್ತೆ ಎತ್ತಿಕೊಂಡಿತೆಂದು ಹೇಳಬಹುದು.

ಕಲಾಪ್ರದರ್ಶನವು ರಾಜಕೀಯ ನಾಯಕತ್ವದಿಂದ ಸಂಪೂರ್ಣ ದೂರವಿರಬೇಕೆಂಬುದು ಚರಿತ್ರೆಯನ್ನು ಮರೆತ ಮಾತು. ಅಂಥ ಸಂಬಂಧವಿಲ್ಲದೆ ಹರಿಪುರವೇ ಇರುತ್ತಿರಲಿಲ್ಲ. ಆದರೆ ಆ ಸಂಬಂಧವನ್ನು ಅಳೆಯುವಾಗ ನಾಯಕನ ಭಾವಚಿತ್ರ ಇದೆಯೋ ಇಲ್ಲವೋ ಎಂಬ ಲೆಕ್ಕ ಸಾಲದು. ಗೋಡೆಯ ಮೇಲೆ ಯಾರಿಗೆ ಸ್ಥಾನ ದೊರೆಯಿತೆಂಬುದರ ಜೊತೆಗೆ, ಸ್ಥಾನ ದೊರೆತವನ ಯಾವ ಸಂಗತಿಯನ್ನು ಹೇಳದೆ ಬಿಡಲಾಯಿತೆಂಬುದನ್ನೂ ಕೇಳಬೇಕು. ಸರ್ಕಾರಿ ಉತ್ಸವಗಳಲ್ಲಿ, ಅಕಾಡೆಮಿಗಳ ಅಂಗಳದಲ್ಲಿ, ಜಯಂತಿಗಳ ನಿಮಿತ್ತ ಏರ್ಪಡುವ ಪ್ರದರ್ಶನಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಹರಿಪುರದ ಪಟಗಳು ಅದಕ್ಕೆ ಅರ್ಧ ಉತ್ತರವನ್ನು ನೀಡಿವೆ. ಉಳಿದರ್ಧವನ್ನು ಹುಡುಕುವುದು ಅವುಗಳಿಗೆ ಸಲ್ಲಿಸಬಹುದಾದ ಯೋಗ್ಯ ಗೌರವ.